ಭಾವನ ‘ನೋಡೋಣ’

ಅಕ್ಕಾ,

ಇಲ್ಲಿ ಬೆಳಿಗ್ಗೆ ಮಂಜಿನಲ್ಲಿ ನದಿಯೇ ಕಾಣುವುದಿಲ್ಲ. ದೋಣಿಗಳು ಆಕಾಶದಲ್ಲಿ ತೂಕಡಿಸುತ್ತಾ ಹೋಗುತ್ತವೆ. ಗೈಡಮ್ಮ ಹಳದಿ ಕೊಡೆ ಎತ್ತಿ ನಡೆದರೆ ಪ್ರವಾಸಿಗಳು ನಿದ್ದೆಯಲ್ಲಿದ್ದವರಂತೆ ಹಿಂಬಾಲಿಸುತ್ತಾರೆ.

ನಿಮ್ಮಿಬ್ಬರಿಗೂ ಎರಡು ದಿನ ಈ ಊರು ತೋರಿಸೋಣವೆಂದು ಭಾವನಿಗೆ ಫೋನ್ ಮಾಡಿ, “ಗೈಡ್ ಇರ್ಲಾ, ನಾವೇ ಸುತ್ತೋಣ್ವಾ?” ಎಂದೆ.

“ನೋಡೋಣ” ಎಂದರು.

ಮದುವೆಯಾದಾಗಿನಿಂದ ನಿನ್ನ ಪ್ರವಾಸಗಳನ್ನೆಲ್ಲ ನುಂಗಿ ನೀರು ಕುಡಿದ ಆ ಪದವನ್ನು ಈ ಸಲ ನಾನು ವ್ಯಾಕರಣಬದ್ಧವಾಗಿ ಸ್ವೀಕರಿಸಿದ್ದೇನೆ. ನೋಡೋಣ ಎಂದರೆ ಎಲ್ಲರೂ ಸೇರಿ ನೋಡುವುದು. ಗೈಡಮ್ಮನನ್ನು ಗೊತ್ತುಮಾಡಿ, ಮುಂದಿನ ತಿಂಗಳಿಗೆ ಟಿಕೆಟ್ಟೂ ತೆಗೆಸಿದ್ದೇನೆ. ಸೇತುವೆಗಳಿಗೆಲ್ಲ ಮೆಟ್ಟಿಲಿವೆ, ಮಂಡಿಪಟ್ಟಿ ಮರೆಯಬೇಡ.

ಮನೆಗೆ ಬಂದ ಅಂಚೆ ಕಾರ್ಡನ್ನು ಮೊದಲು ಓದುವವರು ಯಾರೆಂದು ಗೊತ್ತು. ಆದ್ದರಿಂದ ಭಾವಾ, ನೀವು ಬರದಿದ್ದರೂ ಅಕ್ಕ ಬರುತ್ತಾಳೆ.

ಅವಸರದಲ್ಲಿ,
ತಮ್ಮ