ಚಿಕ್ಕಮ್ಮ ಎತ್ತಿಕೊಂಡ ಸಾಲು

ಕೆರ್‌ವೆನ್, ಬ್ರಿಟನಿ
ಮಂಗಳವಾರ, 16 ಅಕ್ಟೋಬರ್ 1979

ಪ್ರೀತಿಯ ಸ್ವಾಜ್ ಚಿಕ್ಕಮ್ಮನಿಗೆ,

ಅಜೆನೋರ್ ಮಾಡುವ ವಂದನೆಗಳು. ಇತ್ತ ನಾನು ಕ್ಷೇಮ. ಅತ್ತ ನೀನು ಸಿಟ್ಟಿನಲ್ಲಿದ್ದರೂ ಕ್ಷೇಮವಾಗಿಯೇ ಇರುತ್ತೀಯ, ಸಿಟ್ಟು ನಿನ್ನ ಮೈಗೆ ಒಗ್ಗುತ್ತದೆ.

ಫೋನು ಮಾಡಿದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀಯ. ಕಾಗದವನ್ನು ಓದದೆ ಒಲೆಗೆ ಹಾಕುವಷ್ಟು ಕಲ್ಲೆದೆ ನಿನ್ನದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಭಾನುವಾರ ನೀನು ಇಲ್ಲಿನ ಕುಣಿತ ಮುಗಿಯುವ ಮೊದಲೇ ಕೋಟು ಹಾಕಿಕೊಂಡು ಹಿಂಬಾಗಿಲಿನಿಂದ ಹೊರಟುಹೋದೆ. ಬಸ್ಸಿನಲ್ಲಿ ಫಾಂಚ್ ಮಾವನ ಹತ್ತಿರ, “ಹುಡುಗರ ಆಟ ಕೆಡಿಸಿಬಿಟ್ಟೆ ಕಣೋ, ಈ ವಯಸ್ಸಲ್ಲಿ ನನಗೆ ಬೇಕಿತ್ತಾ ಇದು?” ಎಂದೆಯಂತೆ. ನೀನು ಕೆಡಿಸಲಿಲ್ಲ ಚಿಕ್ಕಮ್ಮ, ಉಳಿಸಿದೆ. ಅದನ್ನು ಹೇಳದೆ ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ.

ಅಮ್ಮ ಮೊದಲ ದನಿ, ನೀನು ಎರಡನೆಯ ದನಿ. ಹುಟ್ಟಿದಾಗಿನಿಂದ ನಾನು ಕೇಳಿದ್ದು ಅಷ್ಟೇ. ಅಮ್ಮ ಒಂದು ಸಾಲು ಹಾಡುತ್ತಿದ್ದಳು. ಅವಳ ಕೊನೆಯ ಎರಡು ಮಾತು ಇನ್ನೂ ಬಾಯಲ್ಲಿರುವಾಗಲೇ ನೀನು ಕೂಡಿಕೊಳ್ಳುತ್ತಿದ್ದೆ. ಆಮೇಲೆ ಅದೇ ಸಾಲನ್ನು ನೀನು ಮರಳಿ ಹಾಡುತ್ತಿದ್ದೆ. ನೀನು ಮುಗಿಸುವ ಮುನ್ನ ಅವಳು ಬಂದು ಕೂಡಿಕೊಳ್ಳುತ್ತಿದ್ದಳು. ಎಲ್ಲೂ ಉಸಿರಿನಷ್ಟೂ ಸಂದಿಲ್ಲ. ತೋಳಿಗೆ ತೋಳು ಕೋದು ಕುಣಿಯುವವರ ಕಾಲು ನಿಲ್ಲಬಾರದಲ್ಲ, ಅದಕ್ಕೆ. ಚಿಕ್ಕವಳಿದ್ದಾಗ ನನಗೆ ಯಾವ ದನಿ ಯಾರದು ಎಂದೇ ತಿಳಿಯುತ್ತಿರಲಿಲ್ಲ.

ಅಮ್ಮ ಹೋದಳು. ಮೂರು ವರ್ಷ ನೀನು ಇಗರ್ಜಿಯಲ್ಲಿ ಕೂಡ ಬಾಯಿ ತೆರೆಯಲಿಲ್ಲ. ಯಾರಾದರೂ ಕೇಳಿದರೆ, “ಎರಡನೇ ದನಿಗೆ ಮೊದಲನೇದು ಬೇಕಲ್ಲ, ತಂದ್ಕೊಡು” ಎನ್ನುತ್ತಿದ್ದೆ.

ನಾನು ಅಮ್ಮನ ಹಾಡುಗಳನ್ನು ಗಿಟಾರು, ಡ್ರಮ್ಮುಗಳ ಜೊತೆ ಕಟ್ಟುತ್ತೇನೆಂದಾಗ ನೀನು ಆಡಿದ ಮಾತು ನಮ್ಮ ತಂಡದಲ್ಲಿ ಈಗಲೂ ಗಾದೆಯಂತೆ ಓಡಾಡುತ್ತಿದೆ. “ಹಾಡೊಳಗೆ ಬಟ್ಟೆ ಒಗೆಯೋ ಮೆಷಿನ್ ತಂದಿಡ್ತಾಳಂತೆ!” ಗ್ವೆಂದಾಲ್ ಗಿಟಾರಿನ ತಂತಿ ಜೋಡಿಸುವಾಗಲೆಲ್ಲ, “ಮೆಷಿನ್ ರೆಡಿ, ಬಟ್ಟೆ ಹಾಕಿ” ಎನ್ನುತ್ತಾನೆ. ಒಳ್ಳೆಯ ಹುಡುಗ, ಬ್ರೆಸ್ಟ್ ಪಟ್ಟಣದವನು. ಬೊಂಬಾರ್ಡು ಊದಿದರೆ ಕಿವಿ ಮುಚ್ಚಿಕೊಳ್ಳುವ ಮನೆಯಲ್ಲಿ ಬೆಳೆದವನು, ಈಗ ಆ ಬೊಂಬಾರ್ಡಿಗೆ ಸರಿಸಮನಾಗಿ ತಂತಿ ಮೀಟುತ್ತಾನೆ. ಒಬ್ಬಳೇ ಹಾಡುವ ನನಗೆ ಎರಡನೆಯ ದನಿ ಇರಲಿಲ್ಲ. ಮರುಸಾಲನ್ನು ಅವನ ಗಿಟಾರೇ ನುಡಿಸಲಿ ಎಂದುಕೊಂಡೆವು.

ಭಾನುವಾರ ಏನಾಯಿತೆಂದು ನಿನಗೆ ಗೊತ್ತು, ನೀನು ಕುಣಿಯುವವರ ಸಾಲಿನಲ್ಲೇ ಇದ್ದೆ. ನಾನು ಹಾಡಿದೆ, ಸಾಲು ಮುಗಿಯಿತು, ಆಮೇಲೆ ಗಿಟಾರು ಬಂತು. ಕಛೇರಿಯಲ್ಲಾದರೆ ಜನ ಭಲೇ ಎನ್ನುತ್ತಿದ್ದರು. ಇಲ್ಲಿ ನೂರು ಜನರ ಕಾಲು ಗಾಳಿಯಲ್ಲೇ ಉಳಿಯಿತು. ಮತ್ತೆ ಹಾಡಿದೆ, ಮತ್ತೆ ಅದೇ ಪಾಡು. ಕುಣಿಯುವವರ ಸಾಲು ಎರಡು ಕಡೆ ಕಡಿಯಿತು. ಫಾಂಚ್ ಮಾವ ಅಲ್ಲಿಂದಲೇ ಕೂಗಿದರು: “ಏನಮ್ಮಾ ಅಜೆನೋರ್, ಅಟ್ಟ ಹತ್ತಿಸಿ ಏಣಿ ತೆಗೀತೀಯಲ್ಲ!” ಕೆಲವರು ಸೈಡರ್ ಕುಡಿಯಲು ಹೊರಟರು. ಅಮ್ಮನ ಹಾಡಿಗೆ ಅಮ್ಮನ ಊರಿನವರೇ ಬೆನ್ನು ತೋರಿಸುವುದನ್ನು ನೋಡುತ್ತಾ ನಾನು ಮೂರನೆಯ ಸಾಲು ಎತ್ತಿಕೊಂಡೆ.

ಆಗ ನೀನು ಬಂದೆ.

ಮೈಕಿಲ್ಲ, ವೇದಿಕೆಯಿಲ್ಲ. ಕುಣಿಯುತ್ತಿದ್ದಲ್ಲಿಂದಲೇ, ನನ್ನ ಕೊನೆಯ ಮಾತುಗಳ ಮೇಲೆ ನಿನ್ನ ದನಿ ಬಂದು ಕೂತಿತು. ಒರಟು, ತುಕ್ಕು ಹಿಡಿದ, ಕೋಪ ತುಂಬಿದ ದನಿ. ಹಾಡಿದಂತಿರಲಿಲ್ಲ, ಬೈದಂತಿತ್ತು. ನೀನು ಸಾಲು ಮುಗಿಸುವ ಹೊತ್ತಿಗೆ ನಾನು ನಿನ್ನನ್ನು ಕೂಡಿಕೊಂಡೆ. ಕಡಿದ ತೋಳುಗಳು ಮತ್ತೆ ಕೋದುಕೊಂಡವು. ಸೈಡರ್ ಲೋಟಗಳು ಮೇಜಿನ ಮೇಲೇ ಉಳಿದವು. ಗ್ವೆಂದಾಲ್ ಬುದ್ಧಿವಂತ. ಮರುಸಾಲನ್ನು ಬಿಟ್ಟುಕೊಟ್ಟು, ಒಂದೇ ಸ್ವರ ಹಿಡಿದು ನಮ್ಮಿಬ್ಬರ ಕೆಳಗೆ ಹಾಸಿದ. ಡ್ರಮ್ಮಿನ ಹುಡುಗ ನಿನ್ನ ಕಾಲನ್ನೇ ನೋಡುತ್ತಾ ಬಾರಿಸಿದ. ಫಾಂಚ್ ಮಾವ ಹಾದುಹೋಗುತ್ತಾ, “ಈಗ ಕಾಲಿಗೆ ನೆಲ ಸಿಕ್ತು ನೋಡು” ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಕೇಳಿದರೆ ಬೆವರು ಎನ್ನುತ್ತಾರೆ.

ಎಷ್ಟು ಹೊತ್ತು ಹಾಡಿದೆವೋ ತಿಳಿಯದು. ನಡುವೆ ಒಂದು ಸಲ ಯಾವ ದನಿ ನನ್ನದು, ಯಾವುದು ನಿನ್ನದು ಎಂದು ನನಗೇ ಗೊತ್ತಾಗಲಿಲ್ಲ. ಅಮ್ಮ ಹೋದಮೇಲೆ ಅಂಥದ್ದೊಂದು ಗಳಿಗೆ ಮತ್ತೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ನಿನಗೆ ಹೇಗೆ ಕೃತಜ್ಞತೆ ಹೇಳಲಿ? ಹೇಳಿದರೆ “ಸಾಕು ನಾಟಕ” ಎನ್ನುತ್ತೀಯ. ಆದರೂ ಹೇಳುತ್ತೇನೆ. ಹೆತ್ತವಳ ಹಾಡನ್ನು ನನ್ನ ಕೈಗೆ ಕೊಟ್ಟೆ ಚಿಕ್ಕಮ್ಮ. ನಾನು ನಿನಗೆ ಋಣಿ.

ನೀನು ತಂದಿದ್ದ ಫಾರ್ ಕೇಕು ಒಂದು ಚೂರೂ ಉಳಿಯಲಿಲ್ಲ. ಅದರೊಳಗಿನ ಒಣ ಪ್ಲಮ್ ಹಣ್ಣಿಗಾಗಿ ತಂಡದವರು ಕಿತ್ತಾಡಿದರು. ತಟ್ಟೆ ತೊಳೆದಿಟ್ಟಿದ್ದೇನೆ. ಗ್ವೆಂದಾಲ್ ಮಾತ್ರ ಮಂಕಾಗಿದ್ದಾನೆ. “ನನ್ನಿಂದಲೇ ಕುಣಿತ ಮುರೀತು, ನಿಮ್ಮ ಚಿಕ್ಕಮ್ಮ ನನ್ನ ಮುಖ ನೋಡಲ್ಲ” ಎಂದು ಕೊರಗುತ್ತಾನೆ. ಅವನಿಗೊಂದು ಒಳ್ಳೆಯ ಮಾತು ಹೇಳಿ ಕಳಿಸು.

ನಿನ್ನ ಪ್ರೀತಿಯ,
ಅಜೆನೋರ್

ಮರೆತ ಮಾತು: ಗ್ವೆಂದಾಲನಿಗೆ ಒಳ್ಳೆಯ ಮಾತು ಹೇಳಲೇಬೇಕು, ಏಕೆಂದರೆ ತಪ್ಪು ಅವನದಲ್ಲ. ಅಭ್ಯಾಸದಲ್ಲಿ ಅವನು ಸರಿಯಾಗಿಯೇ ಕೂಡಿಕೊಳ್ಳುತ್ತಿದ್ದ. ಕೆರ್‌ವೆನ್‌ನಲ್ಲಿ ನನ್ನ ಸಾಲು ಪೂರ್ತಿ ಮುಗಿಯುವವರೆಗೆ ಕಾಯಬೇಕೆಂದು ಆ ದಿನ ಬೆಳಗ್ಗೆ ಹೇಳಿದವಳು ನಾನು. ಯಾಕೆಂದು ಅವನಿಗೆ ಇನ್ನೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ನನ್ನ ಕೈ ಹಿಡಿದು ಹೇಳಿದ್ದಳು: “ಸ್ವಾಜ್‌ನ ಹಾಡು ಅಂತ ಕರೀಬೇಡ ಮಗಳೇ, ಕರೆದ್ರೆ ಬರಲ್ಲ ಅಂತಾಳೆ. ಸಾಲಿನ ಕೊನೇಲಿ ಸಂದು ಬಿಡು. ಅದನ್ನ ಅವಳು ತಡ್ಕೊಳ್ಳಲ್ಲ.” ನವೆಂಬರ್ ಹನ್ನೊಂದಕ್ಕೆ, ಮಧ್ಯಾಹ್ನ, ಪಕ್ಕದ ಊರಿನ ಸಭಾಂಗಣದಲ್ಲಿ ಮತ್ತೆ ನುಡಿಸುತ್ತಿದ್ದೇವೆ. ನಾನು ನಿನ್ನನ್ನು ಕರೆಯುತ್ತಿಲ್ಲ.