ಹದಿನೇಳನೆಯ ಕಡ್ಡಿ

ಅಮ್ಮಾ,

ಇವತ್ತು ನಾನೂ ಒಂದು ಬುಟ್ಟಿ ಹೆಣೆದೆ, ನಾನು ಬೋರ್ಡು ಮಾಡುವ ಹಿಂದೂಪುರದ ಅಂಗಡಿಯ ಕಂಪ್ಯೂಟರಿನಲ್ಲಿ! ಕಲ್ಯಾಣದುರ್ಗದಲ್ಲಿ ಹೂವಿನಂಗಡಿ ಇಟ್ಟಿರುವ ಭ್ರಮರಾಂಬ, ಬೋರ್ಡಿಗೆ ಬುಟ್ಟಿಯ ಚಿತ್ರ ಬೇಕೆಂದು ಪಕ್ಕದಲ್ಲೇ ಕೂತಿದ್ದರು. ಮೇಲಿನಿಂದ ಕಂಡಂತೆ ಹದಿನಾರು ಕಡ್ಡಿ ಎಳೆದು, ಒಂದರ ಮೇಲೆ ಒಂದರ ಕೆಳಗೆ ಬಿದಿರಿನ ದಬ್ಬೆ ಸುತ್ತುತ್ತಾ ಹೋದೆ. ಪ್ರತಿ ಸುತ್ತೂ ಅದೇ ಕಡ್ಡಿಗಳ ಮೇಲೇ ಬಂತು.

"ಇದೇನ್ ಕಣಮ್ಮ, ಗಾಡಿ ಚಕ್ರ ಇದ್ದಂಗೈತೆ!" ಎಂದರು.

ಎದುರುಮನೆ ಹೇಮಾವತಿಗೆ ನೀನು ಕಲಿಸುತ್ತಿದ್ದಾಗ, ನಾನು ಫೋನು ನೋಡುತ್ತಾ ಕೇಳಿಸಿಕೊಂಡ ಮಾತು ನೆನಪಾಯಿತು: "ಒಂದು ಕಡ್ಡಿ ಸೀಳ್ಕೊಳಮ್ಮ. ಬೆಸ ಇದ್ರೇನೇ ಹೆಣಿಗೆ ಕೂಡೋದು."

ಸೀಳಿದೆ. ಹದಿನೇಳಾಯಿತು. ಒಂದು ಸುತ್ತಿಗೆ ಮೇಲೆ ಬಂದ ದಬ್ಬೆ ಮರುಸುತ್ತಿಗೆ ತಾನಾಗಿ ಕೆಳಗೆ ನುಗ್ಗಿತು. ನುಗ್ಗಿದಲ್ಲೆಲ್ಲ ನೆರಳು ಬಳಿದೆ.

ಭ್ರಮರಾಂಬ ಪರದೆ ಮುಟ್ಟಿ, "ಅಬ್ಬಾ, ಎಂತ ಬಾಗುಂದಿ, ಎಷ್ಟ್ ಚೆಂದೈತೆ! ಸಿಬರು ಚುಚ್ಚಂಗೈತೆ ಕಣಮ್ಮ!" ಎಂದು ನಕ್ಕರು. ನಾನು ಕುಣಿಯುವುದೊಂದು ಬಾಕಿ.

ಆ ಸಿಬರಿಗೆ ಹೆದರಿಯೇ ಅಲ್ಲವೇ ನಾನು ನಿನ್ನ ಪಕ್ಕ ಕೂರದೆ ಉಳಿದದ್ದು?

ಕಣ್ಣು ಮುಚ್ಚುವ ಮುಂಚೆ ನೀನು ಅರ್ಧ ಹೆಣೆದಿಟ್ಟ ಬುಟ್ಟಿ ಇನ್ನೂ ಗೂಟದಲ್ಲೇ ಇತ್ತು. ಮನೆಗೆ ಬಂದವಳೇ ಇಳಿಸಿ ಎಣಿಸಿದೆ. ಹದಿನೇಳು! ಒಣಗಿದ ಬಿದಿರು ಬಾಗಲೆಂದು ನೀರಲ್ಲಿ ನೆನೆಹಾಕಿದ್ದೇನೆ. ನಾಳೆ ಬೆಳಿಗ್ಗೆ ಕೂರುತ್ತೇನೆ.

ಚುಚ್ಚಿದರೆ ಚುಚ್ಚಲಿ.