ಅಮಾವಾಸ್ಯೆಯ ಪೆಟ್ಟಿಗೆ

ಹೊಂಗನೂರು
21 ಜನವರಿ 2026

ಫೋನ್ ಎತ್ತದ ನನ್ನ ಪುಟ್ಟಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ಕಾಗದ ನೋಡಿ ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ಹಸು ಚೆನ್ನಾಗಿದೆ, ಹಿತ್ತಲ ನುಗ್ಗೆ ಹೂ ಬಿಟ್ಟಿದೆ. ನೀನು ಫೋನ್ ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಅಂಚೆಯವರನ್ನು ಬ್ಲಾಕ್ ಮಾಡಲು ನಿಮ್ಮ ಮಾಗಡಿಯಲ್ಲಿ ಇನ್ನೂ ದಾರಿ ಬಂದಿಲ್ಲ, ಅದಕ್ಕೇ ಈ ಕಾಗದ. ಜೊತೆಗೆ ಎಳ್ಳುಬೆಲ್ಲದ ಪೊಟ್ಟಣವಿದೆ. ಸಂಕ್ರಾಂತಿಗೂ ನೀನು ಬರಲಿಲ್ಲ. ಮೊದಲು ಒಂದು ಚಿಟಿಕೆ ಬಾಯಿಗೆ ಹಾಕಿಕೊ, ಆಮೇಲೆ ಓದು. ಎಳ್ಳುಬೆಲ್ಲ ತಿಂದವರು ಒಳ್ಳೆ ಮಾತಾಡಬೇಕು.

ಮುನಿಶಾಮಯ್ಯ ದೊಡ್ಡಪ್ಪ ನಿನಗೆ ಫೋನ್ ಮಾಡಿ, "ನಿಮ್ಮವ್ವ ಅಮಾಸೆ ಅಮಾಸೆಗೂ ಅದೇನೋ ಪೆಟ್ಟಿಗೆ ಎತ್ಕೊಂಡು ಆ ಸ್ಟುಡಿಯೋ ಲಕ್ಷ್ಮಯ್ಯನ ವ್ಯಾನಿನಾಗೆ ಬಯಲಿಗೆ ಹೋಯ್ತಾಳೆ ಕಣವ್ವ, ಕೈಗೆ ಕೆಂಪು ಬಳೆ ಬೇರೆ ಹಾಕ್ಕೊಂಡವ್ಳೆ, ಒಸಿ ವಿಚಾರ್ಸು" ಅಂದರಂತೆ. ನೀನು ವಿಚಾರಿಸಲಿಲ್ಲ. ಆ ಪೆಟ್ಟಿಗೆ ಮಾರು, ಆ ಮನುಷ್ಯನ ಸಹವಾಸ ಬಿಡು, ಇಲ್ಲದಿದ್ದರೆ ಆ ಮನೆ ಹೊಸ್ತಿಲು ತುಳಿಯುವುದಿಲ್ಲ ಎಂದು ಫೋನ್ ಇಟ್ಟೆ. ಅದಾಗಿ ಎರಡು ತಿಂಗಳು. ಅಲ್ಲ ಪುಟ್ಟಿ, ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಬೇಕೆಂದೂ ನಿನಗೆ ಅನ್ನಿಸಲಿಲ್ಲವೇ? ಯಾರ ಹೊಟ್ಟೆಯಲ್ಲಿ ಹುಟ್ಟಿದ್ದೀಯ ನೀನು?

ಪೆಟ್ಟಿಗೆಯಲ್ಲಿ ಇರುವುದು ಬ್ಯಾಟರಿ. ನಾನೇ ಕಟ್ಟಿದ್ದು. ಇದನ್ನು ಯಾರಿಗಾದರೂ ಹೇಳದೆ ಹೊಟ್ಟೆ ಉಬ್ಬಿಹೋಗಿದೆ, ಹಸುವಿಗೂ ಹೇಳಿ ಆಯಿತು.

ಲಕ್ಷ್ಮಯ್ಯನವರು ನಿನಗೆ ಗೊತ್ತು. ನಿನ್ನ ಮದುವೆಯಲ್ಲಿ ನೀನು ಹೋಳಿಗೆಗೆ ಬಾಯಿ ತೆರೆದಾಗಲೇ ಫೋಟೋ ಹೊಡೆದರೆಂದು ಜಗಳವಾಡಿದ್ದೆಯಲ್ಲ, ಅವರೇ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ರಾಮನಗರದ ಸ್ಟುಡಿಯೋ ಮುಚ್ಚಿದರು. ಈಗ ಆಕಾಶದ ಫೋಟೋ ತೆಗೆಯುತ್ತಾರೆ. ನಕ್ಷತ್ರಗಳು ಕಣ್ಣು ಮುಚ್ಚುವುದಿಲ್ಲ, ನಮ್ಮನ್ನು ಸ್ಟೇಜಿಗೆ ಕರೆಯಲಿಲ್ಲವೆಂದು ಮುನಿಸಿಕೊಳ್ಳುವುದೂ ಇಲ್ಲ ಎನ್ನುತ್ತಾರೆ. ಚಂದ್ರನಿದ್ದರೆ ಸಣ್ಣ ಬೆಳಕೆಲ್ಲ ಮಾಸಿಹೋಗುತ್ತದೆ. ಹಾಗಾಗಿ ಅಮಾವಾಸ್ಯೆಯೇ ಆಗಬೇಕು. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ.

ಆಕಾಶ ತಿರುಗುತ್ತಲೇ ಇರುತ್ತದೆ. ಅದರ ಜೊತೆಗೆ ಕ್ಯಾಮೆರಾವನ್ನೂ ಮೆಲ್ಲಗೆ ತಿರುಗಿಸುವ ಮೋಟಾರಿನ ಸ್ಟ್ಯಾಂಡ್ ಇದೆ. ಬಯಲಿನಲ್ಲಿ ಅದಕ್ಕೆ ಕರೆಂಟು ಎಲ್ಲಿಂದ ತರುವುದು? ಮೊದಲು ಹಳೆಯ ಯುಪಿಎಸ್ ಬ್ಯಾಟರಿ ಹೊತ್ತುಕೊಂಡು ಹೋಗಿದ್ದರು, ರುಬ್ಬುಗುಂಡಿನ ಭಾರ. ಇಬ್ಬನಿ ಬೀಳತೊಡಗಿತು, ಲೆನ್ಸು ಮಂಜಾಗದಿರಲೆಂದು ಅದರ ಕುತ್ತಿಗೆಗೆ ಬಿಸಿಪಟ್ಟಿ ಸುತ್ತಿದರು, ಅಷ್ಟೇ. ವೋಲ್ಟೇಜ್ ಕುಸಿದು ಮೋಟಾರ್ ನಿಂತೇಹೋಯಿತು. ಫೋಟೋದಲ್ಲಿ ನಕ್ಷತ್ರಗಳೆಲ್ಲ ಶಾವಿಗೆಯ ಹಾಗೆ ಎಳೆದುಕೊಂಡಿದ್ದವು. ಆ ಬ್ಯಾಟರಿ ಸರಿಮಾಡಿಸಲು ಯಾರಾದರೂ ಇದ್ದಾರೆಯೇ ಎಂದು ಚನ್ನಪಟ್ಟಣದ ನಮ್ಮ ಕಾಲೇಜಿನಲ್ಲಿ ವಿಚಾರಿಸಿದಾಗ ಅಲ್ಲಿಯವರು ನನ್ನ ಹೆಸರು ಹೇಳಿದರಂತೆ. ಮೂವತ್ತು ವರ್ಷ ಆ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳಿಗೆ ವೈರ್ ಜೋಡಿಸಿಕೊಟ್ಟವಳಿಗೆ ರಿಟೈರ್ ಆದ ಮೇಲೆ ಕೈ ಕಡಿಯುತ್ತಿತ್ತು. ಇದು ಸತ್ತಿದೆ, ಹೊಸದು ನಾನು ಕಟ್ಟುತ್ತೇನೆ ಬಿಡಿ ಅಂದುಬಿಟ್ಟೆ. ಅಂದ ಮೇಲೆ ಹೆದರಿಕೆಯಾಯಿತು.

ನಾಲ್ಕು ಲಿಥಿಯಂ ಸೆಲ್ ತರಿಸಿದೆವು. ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಿದರೆ ಹನ್ನೆರಡು ವೋಲ್ಟಿಗೆ ಸ್ವಲ್ಪ ಮೇಲೆ ನಿಲ್ಲುತ್ತದೆ, ಭಾರ ಹೊತ್ತರೂ ಬೇಗ ಕುಸಿಯುವುದಿಲ್ಲ. ಸೆಲ್‌ಗಳು ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಾಯಲು ಒಂದು ಪುಟ್ಟ ಬೋರ್ಡ್. ಮೋಟಾರಿಗೊಂದು, ಕ್ಯಾಮೆರಾಗೊಂದು, ಬಿಸಿಪಟ್ಟಿಗೊಂದು ಸಾಕೆಟ್, ಪ್ರತಿಯೊಂದಕ್ಕೂ ಬೇರೆ ಫ್ಯೂಸ್. ಹೇಳಲು ಎಷ್ಟು ಸುಲಭ. ಸೆಲ್‌ಗಳಿಗೆ ತಾಮ್ರದ ಪಟ್ಟಿ ಬಿಗಿಯುವಾಗ, ನೀನು ಮೊದಲ ಸಂಬಳದಲ್ಲಿ ಕೊಡಿಸಿದ ಬೆಳ್ಳಿ ಬಳೆ ಎರಡೂ ಟರ್ಮಿನಲ್‌ಗಳಿಗೆ ಒಟ್ಟಿಗೆ ತಾಗಿತು. ಚಟ್ಟೆಂದು ಕಿಡಿ ಹಾರಿ ಕೈ ಸುಟ್ಟಿತು. ನೀನು ದೀಪಾವಳಿಗೆ ಬಂದಾಗ ಒಬ್ಬಟ್ಟಿನ ಕಾವಲಿ ತಗುಲಿತು ಅಂದೆನಲ್ಲ, ಆ ಗಾಯ ಇದೇ. ನರ್ಸ್ ಮಗಳಿಗೆ ನಿಜ ಹೇಳಿದರೆ ಬೈಗುಳ ಮೊದಲು, ಮುಲಾಮು ಆಮೇಲೆ ಎಂದು ಗೊತ್ತಿತ್ತು.

ಲಕ್ಷ್ಮಯ್ಯನವರು ಅವತ್ತೇ ಬಳೆ ಬಿಚ್ಚಿಸಿದರು. ನನ್ನ ಬರಿಗೈ ನೋಡಿ, ಸುಟ್ಟ ಜಾಗಕ್ಕೆ ತಾವೇ ತಣ್ಣೀರು ಸುರಿದರು. ಮುಂದಿನ ವಾರ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಅಕ್ಬರಿ ಬೇಗಂ ಹತ್ತಿರ ಮರದ ಪೆಟ್ಟಿಗೆ ಮಾಡಿಸಲು ಹೋದೆವು. ಬ್ಯಾಟರಿ ಇಡೋಕೆ ಪೆಟ್ಟಿಗೆ ಇದೇ ಮೊದ್ಲು ಕೇಳ್ತಿರೋದು, ತೊಟ್ಟಿಲಾದ್ರೆ ಅಳತೆ ಇಲ್ದೇನೇ ಮಾಡ್ಬಿಡ್ತಿದ್ದೆ ಎಂದು ಆಕೆ ನಕ್ಕಳು. ಪೆಟ್ಟಿಗೆ ತರಲು ಹೋದಾಗ ಇವರು ಎರಡು ಮರದ ಬಳೆಗಳನ್ನೂ ತಂದರು, ಕೆಂಪು ಅರಗು ಹಾಕಿದ್ದು. ಮರದಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೆ ಹಾಕಿಕೊಂಡಿದ್ದೇನೆ. ದೊಡ್ಡಪ್ಪನಿಗೆ ಇಷ್ಟು ವಿಜ್ಞಾನ ತಿಳಿಯದಿದ್ದರೆ ನಾನೇನು ಮಾಡಲಿ? ಲಕ್ಷ್ಮಯ್ಯನವರಿಗೂ ನನಗೂ ನಡುವೆ ಇರುವುದು ಆ ಪೆಟ್ಟಿಗೆ ಮಾತ್ರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಿಂದಿನ ಅಮಾವಾಸ್ಯೆಗಳಲ್ಲಿ ಪೆಟ್ಟಿಗೆ ಹೊತ್ತುಕೊಂಡು ಹೋದಾಗಲೆಲ್ಲ ಮೋಡವೋ ಫ್ಯೂಸೋ ಒಂದಲ್ಲ ಒಂದು ಕೈಕೊಟ್ಟಿತ್ತು. ಮೊನ್ನೆ ಭಾನುವಾರ ಅಮಾವಾಸ್ಯೆ. ಕಬ್ಬಾಳು ಬೆಟ್ಟದ ಕೆಳಗೆ, ಬೈರಪ್ಪ ಎನ್ನುವವರ ಹುರುಳಿ ಕಿತ್ತ ಹೊಲ. ಕತ್ತಲಾಗುತ್ತಲೇ ಎಲ್ಲ ಜೋಡಿಸಿ ಸ್ವಿಚ್ ಒತ್ತಿದೆ. ಮೋಟಾರ್ ತಿರುಗಿತು. ಕ್ಯಾಮೆರಾ ಹತ್ತಿತು. ಬಿಸಿಪಟ್ಟಿ ಹಾಕುವಾಗ ಮೀಟರಿನ ಮೇಲೇ ನನ್ನ ಕಣ್ಣು. ಮುಳ್ಳು ಒಂಚೂರು ತಗ್ಗಿ ನಿಂತಿತು. ನಿಂತೇ ಇತ್ತು ಪುಟ್ಟಿ!

ಅಷ್ಟರಲ್ಲಿ ನಾಯಿ ಬೊಗಳಿತು. ನಮ್ಮ ಕೆಂಪು ಟಾರ್ಚ್ ಕಂಡು ಬೈರಪ್ಪ ದೊಣ್ಣೆ ಹಿಡಿದು ಬಂದರು. ಹಗಲು ಇವರು ಅಪ್ಪಣೆ ಕೇಳಿದ್ದು ಅವರ ಮಗನನ್ನಂತೆ, ಅಪ್ಪನಿಗೆ ಸುದ್ದಿಯೇ ಇಲ್ಲ. "ಯಾರ್ಲಾ ಅದು, ಅಮಾಸೆ ದಿನ ನಿಧಿ ಅಗಿಯಾಕೆ ಬಂದಿದ್ದೀರಾ?" ಅಂತ ಕೂಗಿದರು. ಇಲ್ಲಿ ಬಂದು ನೋಡಪ್ಪ, ನಿಧಿ ಐತೆ ಅಂದೆ. ಕ್ಯಾಮೆರಾದ ಪರದೆಯಲ್ಲಿ ಅದು ಆಗಲೇ ಮೂಡಿತ್ತು. ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ, ತಿಳಿಗುಲಾಬಿ ಬಣ್ಣ, ರೆಕ್ಕೆ ಬಿಚ್ಚಿದ ಹಾಗೆ. ಒಂದು ನಕ್ಷತ್ರವೂ ಶಾವಿಗೆಯಾಗಿರಲಿಲ್ಲ. ಬೈರಪ್ಪ ಪರದೆ ನೋಡಿದರು, ಆಕಾಶ ನೋಡಿದರು. "ಇದು ನಮ್ಮ ಹೊಲದ ಮ್ಯಾಲೇ ಐತಾ? ನಮ್ಮಪ್ಪನ ಕಾಲದಾಗೂ ಇತ್ತಾ?" ಎಂದು ಕೇಳಿದರು. ಇತ್ತು ಅಂದೆ. ಮನೆಗೆ ಹೋಗಿ ಹೆಂಡತಿಯನ್ನು ಎಬ್ಬಿಸಿಕೊಂಡು ಬಂದರು.

ಅವರು ಹೋದ ಮೇಲೆ ನಾನು ಕುಣಿದೆ. ಈ ವಯಸ್ಸಿನಲ್ಲಿ, ಹುರುಳಿ ಕೂಳೆ ಚುಚ್ಚುತ್ತಿದ್ದರೂ ಕುಣಿದೆ. ನಿಮ್ಮಪ್ಪ ತೀರಿಕೊಂಡು ಎಂಟು ವರ್ಷವಾಯಿತು. ಇಷ್ಟು ಸಂತೋಷ ಅದಕ್ಕೆ ಮುಂಚೆ ಯಾವಾಗ ಆಗಿತ್ತೋ ನೆನಪಿಲ್ಲ.

ಬ್ಯಾಟರಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಹಾಗಾಗಿ ಕೊನೆಗೆ ಬೆಟ್ಟವನ್ನೂ ಸೇರಿಸಿ ಒಂದು ಅಗಲದ ಫೋಟೋ ತೆಗೆದೆವು. ಅದನ್ನೇ ಇದರಲ್ಲಿ ಇಟ್ಟಿದ್ದೇನೆ. ಎಡಕ್ಕೆ ಕಬ್ಬಾಳು ಬೆಟ್ಟ, ಮೇಲೆ ಮಹಾವ್ಯಾಧ. ಕೆಳಗೆ ಬಲಕ್ಕೆ ಕಪ್ಪಗಿರುವುದು ಒಂದು ಬಂಡೆ, ಅದನ್ನು ಬಿಡು.

ಪೆಟ್ಟಿಗೆ ಮಾರುವುದಿಲ್ಲ ಪುಟ್ಟಿ. ನೀನು ಬರದಿದ್ದರೆ ನನಗೆ ಅನ್ನ ಸೇರುವುದಿಲ್ಲ, ಅದೂ ನಿಜ. ಆದರೂ ಮಾರುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಬರುವ ಅಮಾವಾಸ್ಯೆಗೆ ನೀನೇ ಬಾ. ಅಳಿಯಂದಿರನ್ನೂ ಕರೆದುಕೊಂಡು ಬಾ, ಸ್ವೆಟರ್ ಮರೆಯಬೇಡ. ಸ್ವಿಚ್ ನಿನ್ನ ಕೈಯಲ್ಲೇ ಒತ್ತಿಸುತ್ತೇನೆ. ನೋಡಿದ ಮೇಲೆ ಎಷ್ಟು ಬೇಕಾದರೂ ಬೈಯಿ.

ಬೈಗುಳಕ್ಕೂ ಹಸಿದಿರುವ,
ನಿನ್ನ ಅವ್ವ
ಸರಸಮ್ಮ

ತಾ. ಕ.: ಲಕೋಟೆ ಅಂಟಿಸುವ ಮುಂಚೆ ಫೋಟೋ ಇನ್ನೊಂದು ಸಲ ನೋಡಿದೆ. ಬಲಗಡೆಯದು ಬಂಡೆ ಎಂದು ಬರೆದಿದ್ದೇನೆ. ನಮ್ಮ ಕಡೆ ಬಂಡೆಗೇನು ಕಮ್ಮಿ, ನೀನು ನಂಬಿಯೂ ಬಿಡುತ್ತೀಯ. ಅದು ಬಂಡೆಯಲ್ಲ ಪುಟ್ಟಿ, ನಾವಿಬ್ಬರು. ಪೆಟ್ಟಿಗೆಯನ್ನು ಕ್ಯಾಮೆರಾ ಹತ್ತಿರವೇ ಬಿಟ್ಟು, ಅವರು ಟೈಮರ್ ಹಾಕಿ ಬಂದು ನನ್ನ ಪಕ್ಕ ಕೂತರು. ಅರ್ಧ ನಿಮಿಷ ಅಲುಗಬಾರದು ಅಂದರು. ಕ್ಯಾಮೆರಾ ಕ್ಲಿಕ್ ಅಂದ ಮೇಲೂ ನಾನು ಅಲುಗಲಿಲ್ಲ.